ಹನ್ನೊಂದು ರಾಜಹದ್ದುಗಳು

"ಅಮ್ಮಾ, ದುರ್ಬೀನು ತಾತ ಯಾಕೆ ಸುಳ್ಳು ಹೇಳ್ತಾರೆ?"

ಐದು ವರ್ಷದ ಮಗಳು ಕೇಳಿದ್ದು ತಾರಸಿಯ ಮೇಲೆ, ತಾತನ ಎದುರಿಗೇ. ಒಗೆದ ಬಟ್ಟೆ ಹರವುತ್ತಿದ್ದ ತಾಯಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಕೆಳಗಿನ ಮನೆಯ ಈ ತಾತ ಮೂವತ್ತನಾಲ್ಕು ವರ್ಷ ಊರಿಗೆ ನೀರು ಬಿಟ್ಟವರು. ಟ್ಯಾಂಕು ತುಂಬುವ ತನಕ ಕಾಯುವ ಕೆಲಸ. ಆಕಾಶವನ್ನಲ್ಲದೆ ಇನ್ನೇನು ನೋಡಲಿ ಎನ್ನುತ್ತಿದ್ದರು. "ನನ್ನ ಮುಖ ಇಷ್ಟು ಹೊತ್ತು ನೋಡಿದ್ರೆ ಪುಣ್ಯ ಬರ್ತಿತ್ತು" ಎಂದು ಹೆಂಡತಿ ಇದ್ದಷ್ಟು ದಿನ ಗೊಣಗಿದ್ದರಂತೆ. ಮಳೆ ಮುಗಿದು ಚಳಿ ಹಿಡಿಯುವ ಮುಂಚಿನ ಐದು ವಾರ ಉತ್ತರದ ಹಕ್ಕಿಗಳು ಸಾಲುಗಟ್ಟಿ ದಾಟುತ್ತವೆ. ಅವುಗಳ ನಡುವೆ ಅಪರೂಪಕ್ಕೊಂದು ರಾಜಹದ್ದು. ಕೆಲಸದಲ್ಲಿದ್ದಷ್ಟು ವರ್ಷ ತಾತ ಕಂಡದ್ದು ನಾಲ್ಕೇ. ಆಮೇಲೆ, ಈಚಿನ ಮೂರು ವರ್ಷದಲ್ಲೇ ಹನ್ನೊಂದು. ಪಕ್ಷಿ ಸಂಘದವರು ಹುಡುಕಿಕೊಂಡು ಬಂದು ಕೈಕುಲುಕಿ, ವರದಿಯಲ್ಲಿ ಅಚ್ಚು ಹಾಕಿಸಿದ್ದರು.

ಇವತ್ತು "ಬಂತು ನೋಡೇ ಪುಟ್ಟೀ, ಮೂರು ವರ್ಷದಲ್ಲಿ ಹನ್ನೆರಡನೇದು!" ಎಂದು ಅವರು ಕೂಗಿದಾಗ ಮಗು ಕತ್ತೆತ್ತಿ ನೋಡಿತ್ತು. ಬಾಲ ಕವಲಾಗಿತ್ತು. ಕವಲು ಬಾಲದ್ದು ಕಸದ ಗುಡ್ಡೆ ಸುತ್ತುವ ಊರ ಹದ್ದು ಎಂದು ಅದಕ್ಕೆ ಕಲಿಸಿದವರು ತಾತನೇ.

ತಾತ ದುರ್ಬೀನನ್ನು ತಾಯಿಯ ಕೈಗಿತ್ತರು. "ನೀನು ನೋಡಿ ಹೇಳಮ್ಮ."

ಕವಲು ಕಣ್ಣಿಗೆ ಹೊಡೆದಂತೆ ಕಂಡಿತು. "ದೂರ ಇದೆ ತಾತ, ಸರಿಯಾಗಿ..."

"ಸುಳ್ಳು ಹೇಳೋಕೂ ಬರಲ್ಲ ನಿಂಗೆ."

ಅವರು ಒಂದು ಕಣ್ಣು ಮುಚ್ಚಿದರು, ಆಮೇಲೆ ಇನ್ನೊಂದು. "ನಟ್ಟನಡುವೆ ಮಸುಕಮ್ಮ. ಬಾಲ ಇರೋ ಜಾಗದಲ್ಲೇ. ಕಣ್ಣಿನ ಪರದೆ ಸವೀತಿದೆ ಅಂತ ಡಾಕ್ಟ್ರು ಮೂರು ವರ್ಷದ ಹಿಂದೇನೇ ಅಂದಿದ್ರು. ಆಕಾಶ ಕಾಣ್ತಿದೆಯಲ್ಲ ಅಂತ ಸುಮ್ನಿದ್ದೆ."

"ಹನ್ನೊಂದ್ರಲ್ಲಿ ಒಂದೆರಡಾದ್ರೂ ನಿಜ ಇರುತ್ತೆ ತಾತ."

"ಯಾವ್ದು ಅಂತ ಗೊತ್ತಿಲ್ವಲ್ಲ. ಅದಕ್ಕೇ ಎಲ್ಲಾನೂ ಹೋಗ್ಬೇಕು."

ಒದ್ದೆ ಬಟ್ಟೆ ಬುಟ್ಟಿಯಲ್ಲೇ ಇತ್ತು. ಮಗು ತಾತನ ಪಂಚೆಯ ಚುಂಗು ಹಿಡಿದು ನಿಂತಿತ್ತು. ಅದರ ತಲೆ ಸವರಲು ತಾತ ಚಾಚಿದ ಕೈ ಮೊದಲು ಗೋಡೆಗೆ ತಾಗಿತು.

"ಒಂದು ಉಪಕಾರ ಮಾಡ್ತೀಯಾ ಮಗಳೇ? ಸಂಘದವರಿಗೆ ನಾಲ್ಕು ಸಾಲು ಬರ್ಕೊಡು, ಹನ್ನೊಂದನ್ನೂ ತೆಗೆದುಹಾಕಿ ಅಂತ. ಕಣ್ಣಿನ ವಿಷಯ ಬೇಡ, ಅಯ್ಯೋ ಪಾಪ ಅಂತಾರೆ. ನೋಡಿದ್ದು ತಪ್ಪು ಅಂತಷ್ಟೇ ಬರಿ. ಸಹಿ ಎಲ್ಲಿ ಹಾಕ್ಬೇಕು ಅಂತ ನನ್ನ ಬೆರಳು ಹಿಡಿದು ತೋರಿಸು."