ಆಕಾಶ ನುಂಗಿದ ತಂತಿ

ನಿಟ್ಟೂರಿನ ಕಡೆ, ಹಳ್ಳದ ಆಚೆ ದಡದ ನಾಲ್ಕು ಮನೆಗಳಿಗೆ ಕರೆಂಟ್ ಲೈನ್ ಎಳೆದದ್ದು ನನ್ನ ನೌಕರಿಯ ಕೊನೆಯ ವರ್ಷ. ತಂತಿಯ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಕಾಡಿನೊಳಗೆ ನಡೆದಿದ್ದೆವು. ಮೂವತ್ತು ವರ್ಷ ಹೊಸನಗರದ ಕಂಬ ಹತ್ತಿದ ಲೈನ್‌ಮನ್ ನಾನು. ಕಂಬದ ಮೇಲಿನ ನನ್ನ ಫೋಟೋ ಮಾತ್ರ ಒಂದೂ ಇರಲಿಲ್ಲ. ನಾನು ಮಾಡಿದ ಕೆಲಸ ಇದು ಎಂದು ತೋರಿಸಲು ಬೀಳ್ಕೊಡುಗೆಗಾದರೂ ಒಂದು ಬೇಕು ಅನ್ನಿಸಿತು.

ಪೇಟೆಯಲ್ಲಿ ಸ್ಟುಡಿಯೊ ಇಟ್ಟಿದ್ದ ಗೆಳೆಯನನ್ನು ಕರೆದೆ. ಶಾಲೆಯಲ್ಲಿ ಒಂದೇ ಬೆಂಚಿನವರು ನಾವು. ಹಿಂದೆಲ್ಲ ಸಣ್ಣ ಕುಂಚ ಹಿಡಿದು ಮದುಮಗಳ ರೆಪ್ಪೆಗೂದಲನ್ನೂ ತಿದ್ದುತ್ತಿದ್ದ ಮನುಷ್ಯ. ಜಿಗಣೆ ಕಚ್ಚಿಸಿಕೊಂಡು ಅಷ್ಟು ದೂರ ಬಂದ. ಲೈನ್ ಇನ್ನೂ ಚಾಲೂ ಆಗಿರಲಿಲ್ಲ. ನಾನು ಕಂಬದ ತುದಿಯಲ್ಲಿ ತಂತಿ ಹಿಡಿದು ನಿಂತೆ. ಮೋಡ ಕವಿದು ಆಕಾಶ ಬೆಳ್ಳಗಿತ್ತು.

ಬೀಳ್ಕೊಡುಗೆಯ ದಿನ ವೇದಿಕೆಯಲ್ಲಿ ದೊಡ್ಡ ಫೋಟೋದ ಮೇಲಿನ ಬಟ್ಟೆ ಸರಿಸಿದರು. ಆಕಾಶ ಕಡುನೀಲಿ. ನಿಟ್ಟೂರು ಕಂಡರಿಯದ ನೀಲಿ. ನನ್ನ ನರೆಗೂದಲಿಗೂ ಒಂದಿಷ್ಟು ಅಂಟಿತ್ತು. ತಂತಿ ಇರಲಿಲ್ಲ. ಎರಡೂ ಕೈ ಎತ್ತಿ, ಬರಿಗಾಳಿ ಹಿಡಿದುಕೊಂಡು, ನಾನು ಹಲ್ಲು ಕಿರಿಯುತ್ತ ನಿಂತಿದ್ದೆ.

"ಅಣ್ಣಾ, ಅಲ್ಲಿ ಹತ್ತಿ ಹಲಸಿನಕಾಯಿ ಕೀಳ್ತಿದ್ರಾ?" ಎಂದ ಜೊತೆಯ ಲೈನ್‌ಮನ್. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ.

ಮರುದಿನ ಸ್ಟುಡಿಯೊಗೆ ಹೋದೆ. "ಲೈನ್ ಎಲ್ಲೋ ಮಾರಾಯ?"

ಅವನು ಫೋಟೋವನ್ನು ಸರಿಯಾಗಿ ನೋಡಿದ್ದೇ ಆಗ. "ಅಯ್ಯೋ! ನೀಲಿ ಆಕಾಶ ಕೂರಿಸೋವಾಗ, ಆಕಾಶ ಎಲ್ಲಿಂದ ಎಲ್ಲಿವರೆಗೆ ಅಂತ ಕಂಪ್ಯೂಟರೇ ಗುರುತು ಹಾಕ್ತದೆ ಮಾರಾಯ. ನಾನು ಒತ್ತೋದಷ್ಟೆ. ತಂತಿನೂ ಆಕಾಶ ಅಂದ್ಕೊಂಡಿದೆ ಅದು."

"ಅದು ಅಂದ್ಕೊಳ್ತು. ನೀನು?"

ಮೊದಲಿನ ಫೋಟೋ ಕೇಳಿದೆ. ಯಾವುದೋ ಮದುವೆಗೆ ಕ್ಯಾಮೆರಾದ ಕಾರ್ಡ್ ಖಾಲಿ ಮಾಡುವಾಗ ಅಳಿಸಿಬಿಟ್ಟಿದ್ದನಂತೆ. "ಅದಕ್ಯಾಕೆ ಇಷ್ಟು ಸಿಟ್ಟು? ಎರಡು ನಿಮಿಷ ಕೂರು, ತಂತಿ ಎಳೆದು ಕೊಡ್ತೀನಿ" ಎಂದ. ಆ ಹಳ್ಳ ದಾಟಿಸಲು ನಮಗೆ ಹನ್ನೊಂದು ದಿನ ಹಿಡಿದಿತ್ತು. ಅವನು ಮೌಸ್ ಹಿಡಿದು ಸರ್ರನೆ ಎಳೆದ. ಸ್ಕೇಲಿಟ್ಟಂತೆ ನೇರ ಗೆರೆ.

ತಂತಿ ಹಾಗಿರುವುದಿಲ್ಲ. ಎರಡು ಕಂಬಗಳ ನಡುವೆ ಅದು ಇಷ್ಟು ಅಂತ ಜೋಲಬೇಕು. ಬಿಗಿದು ಕಟ್ಟಿದರೆ ಚಳಿಗೆ ಸೆಟೆದು ತುಂಡಾಗುತ್ತದೆ. ಎಷ್ಟು ಜೋಲಬೇಕು ಎಂದು ಕಣ್ಣಳತೆಯಲ್ಲೇ ಹೇಳುವುದು ನಾನು ಕಲಿತ ವಿದ್ಯೆ.

"ನೇರ ಇದೆಯಲ್ಲೋ" ಅಂದೆ.

"ತಂತಿ ನೇರ ಇರಬೇಕಲ್ವಾ? ಇದೇ ಚಂದ."

ಕಂಪ್ಯೂಟರಿಗೆ ನಾನು ಯಾರೋ ಏನೋ, ಬಿಡಿ. ಇವನಿಗೆ ನನ್ನ ಕೆಲಸ ಗೊತ್ತು ಅಂತ ನಂಬಿದ್ದೆನಲ್ಲ, ಅಲ್ಲಿ ಮೋಸ ಹೋದೆ. ಅವನ ಸ್ಟುಡಿಯೊದ ಬಾಗಿಲೆದುರೇ ನಾನು ಕಟ್ಟಿದ ತಂತಿ ಜೋಲುತ್ತ ರಸ್ತೆ ದಾಟುತ್ತದೆ. ಅದರ ಕರೆಂಟಿನಲ್ಲೇ ಆ ಕಂಪ್ಯೂಟರ್ ಓಡುತ್ತಿತ್ತು. ಇಷ್ಟು ವರ್ಷದಲ್ಲಿ ಅವನು ಒಂದು ಸಲವೂ ತಲೆಯೆತ್ತಿ ನೋಡಿರಲಿಲ್ಲ.