ಒಂದು ನವಿಲು, ಅರ್ಧ ಕಮಲ

ಸ್ನೇಹಳಿಗೆ ಚಿತ್ರ ಬರೆಯುವುದನ್ನು ಯಾರು ಕಲಿಸಿದರು ಅಂತ ಕೇಳಿ ನೋಡಿ, ನವೀನ್‌ಕುಮಾರ್ ಸರ್ ಅಂತಾರೆ ಶಾಲೆಯಲ್ಲಿ ಎಲ್ಲರೂ. ಅದು ಅರ್ಧ ಮಾತ್ರ ನಿಜ. ಉಳಿದರ್ಧ ಅವಳ ತಾತನದು.

ದೊಡ್ಡಬಳ್ಳಾಪುರದಲ್ಲಿ ಸೀರೆಗೆ ಡಿಸೈನ್ ಬರೆಯುತ್ತಿದ್ದವರು ಆ ತಾತ, ಅವಳ ಅಪ್ಪನ ಅಪ್ಪ. ಚೌಕಳಿ ಹಾಳೆ, ಒಂದೊಂದು ಚೌಕಕ್ಕೆ ಒಂದೊಂದು ಎಳೆ ಅಂತ ಲೆಕ್ಕ. ಸ್ನೇಹಳಿಗೆ ಆರು ವರ್ಷ ಇದ್ದಾಗಲೇ ಕೆಂಪು ಪೆನ್ಸಿಲ್ ಕೈಗೆ ಕೊಟ್ಟು, "ತುಂಬು ಮಗಾ, ಗೆರೆ ದಾಟಿದ್ರೆ ಬೆರಳು ಕಚ್ಬಿಡ್ತೀನಿ" ಅನ್ನುತ್ತಿದ್ದರಂತೆ. ಎಷ್ಟು ದೊಡ್ಡ ಅಂಚಾದರೂ ತಾತ ಬರೆಯುತ್ತಿದ್ದದ್ದು ಎಡಗಡೆಯ ಅರ್ಧ ಮಾತ್ರ. ಆ ಅರ್ಧವನ್ನೇ ಮಗ್ಗ ತಿರುಗಿಸಿ ಬಲಗಡೆಗೂ ನೇಯ್ದುಕೊಳ್ಳುತ್ತಿತ್ತು. ಆಮೇಲೆ ಡಿಸೈನ್ ಕೆಲಸವೆಲ್ಲ ಕಂಪ್ಯೂಟರಿಗೆ ಹೋಯಿತು, ತಾತನೂ ಹೋದರು, ಚೌಕಳಿ ಹಾಳೆಗಳು ಅಟ್ಟ ಸೇರಿದವು.

ಹೈಸ್ಕೂಲಿಗೆ ಬಂದ ಮೇಲೆ ಸಿಕ್ಕಿದವರು ನವೀನ್‌ಕುಮಾರ್ ಸರ್. ಚಿತ್ರಕಲೆಯ ಪೀರಿಯಡ್ ವಾರಕ್ಕೆ ಎರಡೇ, ಅದರ ಮೇಲೂ ಗಣಿತದವರ ಕಣ್ಣು. ಇದ್ದಷ್ಟರಲ್ಲೇ ಸರ್ ಬಣ್ಣ ಕಲಿಸಿದರು, ಅಕ್ಷರ ಜೋಡಿಸುವುದು ಕಲಿಸಿದರು, ತಮ್ಮ ಸ್ವಂತ ಫೋನು ಮಕ್ಕಳ ಕೈಗೆ ಕೊಟ್ಟು ಫೋಟೋ ತೆಗೆಯುವುದನ್ನೂ ಕಲಿಸಿದರು. "ನಿಮ್ಮ ಮನೆಯವರದ್ದು ಒಂದು ಫೋಟೋ ತನ್ನಿ" ಅಂದಾಗ ಸ್ನೇಹ ತಂದದ್ದು ಅಮ್ಮ ರುಕ್ಮಿಣಮ್ಮ ಕಡಿದ ಎಳೆ ಕಟ್ಟುತ್ತಿರುವ ಎರಡು ಕೈ, ಅಷ್ಟೇ.

"ಮುಖ ಎಲ್ಲಮ್ಮಾ?"

"ನಮ್ಮಮ್ಮನ ಗುರುತು ಕೈಯಲ್ಲೇ ಸಿಗುತ್ತೆ ಸರ್."

ಸರ್ ಆ ಫೋಟೋ ಪ್ರಿಂಟ್ ಹಾಕಿಸಿ ಸ್ಟಾಫ್ ರೂಮಿನಲ್ಲಿ ಅಂಟಿಸಿದರು. ಅವತ್ತಿನಿಂದ ಸ್ನೇಹಳ ತಲೆಯಲ್ಲಿ ಒಂದೇ ಮಾತು: ಹತ್ತನೇ ಕ್ಲಾಸು ಮುಗಿಸಿ ಡಿಸೈನ್ ಓದಬೇಕು.

ಅಪ್ಪ ರಾಮಾಂಜಿನಪ್ಪ ಒಪ್ಪಬೇಕಲ್ಲ! ಮನೆಯಲ್ಲೇ ಎರಡು ಪವರ್‌ಲೂಮ್ ಓಡಿಸುವ ಮನುಷ್ಯ. "ಡಿಸೈನೆಲ್ಲಾ ಕಂಪ್ಯೂಟ್ರು ಮಾಡ್ತದೆ ಕಣಮ್ಮಾ. ನಿಮ್ ತಾತ ಕಣ್ ಕಳ್ಕೊಂಡಿದ್ದು ಸಾಲ್ದಾ? ಕಾಮರ್ಸ್ ತಗೋ." ಮಗಳು ಮೂರು ದಿನ ಮುಖ ಊದಿಸಿಕೊಂಡು ಕೂತಾಗ, "ಆಯ್ತು, ತಾಲ್ಲೂಕು ಚಿತ್ರಕಲಾ ಸ್ಪರ್ಧೇಲಿ ಫಸ್ಟ್ ಬಾ. ಆಗ್ ನೋಡಾಣ" ಅಂದ.

ಸ್ಪರ್ಧೆಯ ದಿನ ಬೋರ್ಡಿನ ಮೇಲೆ ಬರೆದ ವಿಷಯ ನೋಡಿ ಸ್ನೇಹಳಿಗೆ ನಗು ತಡೆಯಲಾಗಲಿಲ್ಲ. ಸೀರೆಯ ಸೆರಗು! ಎರಡು ಗಂಟೆ ಟೈಮು. ಹಾಳೆಗೆ ಸ್ಕೇಲಿಟ್ಟು ಸಣ್ಣ ಸಣ್ಣ ಚೌಕ ಹಾಕಿದಳು, ಒಂದು ನವಿಲು ಕೂರಿಸಿದಳು, ಅದರ ಕೊಕ್ಕಿನ ಮುಂದೆ ಕಮಲ. ಒಂದೊಂದು ಚೌಕವನ್ನೂ ಎಣಿಸಿ ತುಂಬಿದಳು. ಬ್ರಷ್ ತೊಳೆದಿಟ್ಟು ಕೈ ಕಟ್ಟಿ ಕೂತಾಗ ಇನ್ನೂ ಹತ್ತು ನಿಮಿಷ ಬಾಕಿ ಇತ್ತು.

ಪಕ್ಕದಲ್ಲಿದ್ದ ಗೆಳತಿ ಕೀರ್ತನ ಮೊಣಕೈಯಲ್ಲಿ ತಿವಿದಳು. "ಲೇ, ಅರ್ಧ ಹಾಳೆ ಖಾಲಿ ಐತೆ ಕಣೇ!"

"ಮುಗೀತಲ್ಲ..." ಅನ್ನುತ್ತಲೇ ಸ್ನೇಹ ಹಾಳೆ ನೋಡಿದಳು. ಒಂದು ನವಿಲು, ಅರ್ಧ ಕಮಲ, ಬಲಗಡೆ ಬರೀ ಬಿಳಿ. ತಾತನ ಅಭ್ಯಾಸ ಕೈಗೆ ಹಾಗೇ ಅಂಟಿಕೊಂಡುಬಿಟ್ಟಿತ್ತು! ಹತ್ತು ನಿಮಿಷದಲ್ಲಿ ಇನ್ನೊಂದು ನವಿಲು ಬರೆದರೆ ಅದು ಮೊದಲನೆಯದರ ಬಡ ನೆಂಟನ ಹಾಗೆ ಕಾಣುತ್ತದೆ. ಬ್ರಷ್ ಎತ್ತಿದಳು. ಹಾಗೇ ಕೆಳಗಿಟ್ಟಳು.

ತೀರ್ಪುಗಾರ್ತಿ ಬಂದು ನಿಂತರು. "ಪೂರ್ತಿ ಮಾಡ್ಲಿಲ್ವಾ ಮರಿ?"

"ಪೂರ್ತಿ ಆಗಿದೆ ಮೇಡಂ. ಉಳಿದಿದ್ದು ಮಗ್ಗ ನೇಯುತ್ತೆ."

ಇಡೀ ರೂಮು ಗೊಳ್ಳೆಂದಿತು. ಆ ಮೇಡಂ ಮಾತ್ರ ನಗಲಿಲ್ಲ. ಬಗ್ಗಿ ಸುಮಾರು ಹೊತ್ತು ನೋಡಿದರು. "ಕೆಲಸ ತುಂಬಾ ಚೆನ್ನಾಗಿದೆ. ಆದ್ರೆ ಹಾಳೆ ತುಂಬಬೇಕು ಅಂತ ನಿಯಮ ಇದೆಯಲ್ಲಮ್ಮಾ" ಅಂದು ಮುಂದೆ ಹೋದರು. ಬಹುಮಾನ ಬೇರೆ ಶಾಲೆಗೆ ಹೋಯಿತು.

ಸ್ನೇಹ ಮನೆಗೆ ಬಂದವಳೇ ಸುರುಳಿ ಸುತ್ತಿದ ಹಾಳೆಯನ್ನು ಮಂಚದ ಹಿಂದಕ್ಕೆ ಸಿಕ್ಕಿಸಿದಳು. ಅಪ್ಪ ಮಗ್ಗದ ಸದ್ದನ್ನು ಮೀರಿಸಿ ಕೂಗಿ ಕೇಳಿದ. "ಏನಾಯ್ತಮ್ಮಾ?"

"ಬರ್ಲಿಲ್ಲ. ಅರ್ಧಾನೇ ಬರ್ದೆ."

"ಟೈಮ್ ಸಾಲ್ಲಿಲ್ವಾ?"

"ಸಾಲ್ತು. ತಾತನ್ ಥರ ಬರ್ದ್ಬಿಟ್ಟೆ."

ರಾಮಾಂಜಿನಪ್ಪ ಎರಡೂ ಮಗ್ಗ ನಿಲ್ಲಿಸಿಬಿಟ್ಟ. ಕೆಲಸದ ಹೊತ್ತಲ್ಲಿ ಅವನು ಹಾಗೆ ನಿಲ್ಲಿಸಿದ್ದನ್ನು ಮನೆಯವರು ಕಂಡದ್ದೇ ಕಮ್ಮಿ. ಕೈ ಒರೆಸಿಕೊಂಡು ಹಾಳೆ ಬಿಚ್ಚಿದ. ನವಿಲನ್ನು ನೋಡಲೇ ಇಲ್ಲ! ಬೆರಳು ಸೀದಾ ಹೋದದ್ದು ಕಮಲದ ನಡುಗೆರೆಗೆ. ನಡುಗೆರೆಯನ್ನು ಪೂರ್ತಿ ದಪ್ಪಕ್ಕೆ ಬರೆದರೆ ಮಗ್ಗ ಅದನ್ನೂ ಎರಡು ಸಲ ನೇಯ್ದು, ಹೂವಿನ ದಂಟನ್ನು ಉಬ್ಬಿಸಿ ಕೆಡಿಸಿಬಿಡುತ್ತದೆ. ಅದನ್ನು ಅರ್ಧ ದಪ್ಪಕ್ಕೇ ಬರೆಯಬೇಕು. ಸ್ನೇಹ ಹಾಗೇ ಬರೆದಿದ್ದಳು.

"ಇದ್ಯಾರ್ ಹೇಳ್ಕೊಟ್ರು ನಿಂಗೆ?"

"ಯಾರೂ ಇಲ್ಲ. ತಾತ ಬರೀವಾಗ ನೋಡಿದ್ದೆ."

ರಾಮಾಂಜಿನಪ್ಪ ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯೇನೇ? ಇದು ನನ್ ತಲೇಗೆ ಹೋಗೋಕೆ ಎರಡ್ ಸೀರೆ ಹಾಳಾಗಿದ್ವು."

"ಗೊತ್ತು ಬಿಡಿ," ಅಂದಳು ರುಕ್ಮಿಣಮ್ಮ, "ಮಾವ ಬೈದಿದ್ದು ಬೀದಿಗೆಲ್ಲಾ ಕೇಳ್ಸಿತ್ತು."

ಮಾರನೇ ದಿನವೇ ಹಾಳೆ, ಡಿಸೈನ್ ನೋಡಿಕೊಂಡು ಮಗ್ಗಕ್ಕೆ ತೂತಿನ ಕಾರ್ಡ್ ಹೊಡೆಯುವ ಬೀರೇಶನ ಅಂಗಡಿಗೆ ಹೋಯಿತು. ಮಗ್ಗಕ್ಕೆ ಉದ್ದಕ್ಕೆ ಹಾಕಿದ್ದ ಸೀರೆಯ ಹಾಸಿನ ಎಳೆ ಮುಗಿಯುವಾಗ ಕೊನೆಯಲ್ಲಿ ಮೊಳದಷ್ಟು ಉಳಿಯಿತು ನೋಡಿ, ಅದರಲ್ಲಿ ರಾಮಾಂಜಿನಪ್ಪ ಮಗಳ ಡಿಸೈನ್ ನೇಯಲು ಕೂತ. ನೇಯುವಾಗ ಬಟ್ಟೆಯ ಮುಖ ಕೆಳಗಡೆ ಇರುವುದರಿಂದ ಸ್ನೇಹ ಮಗ್ಗದ ಕೆಳಗೆ ಕನ್ನಡಿ ಹಿಡಿದು ಕುಕ್ಕರಗಾಲಲ್ಲಿ ಕೂತಳು. ಕನ್ನಡಿಯಲ್ಲಿ ಮೊದಲು ಎರಡು ಜೊತೆ ಕಾಲು ಕಂಡವು, ಆಮೇಲೆ ಎದೆ, ಆಮೇಲೆ ಕೊಕ್ಕಿಗೆ ಕೊಕ್ಕು ಎದುರಾಗಿ ಎರಡು ನವಿಲು. ನಡುವೆ ತುಂಬಿದ ಕಮಲ, ಅದರ ದಂಟು ಕಡ್ಡಿಯಂತೆ ನೆಟ್ಟಗೆ.

"ಹೆಂಗ್ ಬಂತಮ್ಮಾ?" ಮೇಲಿನಿಂದ ಅಪ್ಪ ಕೇಳಿದ.

"ಪೂರ್ತಿ ಬಂತಪ್ಪಾ!"

ಆ ತುಂಡು ಬಟ್ಟೆಯನ್ನು ರಾಮಾಂಜಿನಪ್ಪ ಯಾರಿಗೆ ತೋರಿಸಲಿಲ್ಲ ಹೇಳಿ! ಹಾಲಿನವನಿಗೂ ಬಿಡಲಿಲ್ಲ. ಶನಿವಾರ ಅದನ್ನು ಪೇಪರಿನಲ್ಲಿ ಸುತ್ತಿಕೊಂಡು, ಒಗೆದ ಷರ್ಟು ಹಾಕಿಕೊಂಡು ಶಾಲೆಗೇ ಬಂದ. ನವೀನ್‌ಕುಮಾರ್ ಸರ್ ಸ್ಟಾಫ್ ರೂಮಿನ ಗೋಡೆಗೆ ಅರ್ಧ ಹಾಳೆಯನ್ನೂ ಇಡೀ ಬಟ್ಟೆಯನ್ನೂ ಅಕ್ಕಪಕ್ಕ ಹಾಕಿದರು, ಅಮ್ಮನ ಕೈಗಳ ಫೋಟೋದ ಕೆಳಗೇ. ಪೀರಿಯಡ್ ಕದಿಯುವ ಗಣಿತದ ಮೇಡಂ ಬಂದು ಚೌಕ ಎಣಿಸತೊಡಗಿದರು. ಹೋದ ವಾರ ಸ್ಪರ್ಧೆಯಲ್ಲಿ ನಕ್ಕಿದ್ದ ಇದೇ ಶಾಲೆಯ ಹುಡುಗರು ಬಾಗಿಲಲ್ಲಿ ಮುಗಿಬಿದ್ದಿದ್ದರು.

ರಾಮಾಂಜಿನಪ್ಪ ಗಂಟಲು ಸರಿಮಾಡಿಕೊಂಡ. "ಸಾರ್, ಆ ಡಿಸೈನ್ ಕೋರ್ಸಿಗೆ ಅರ್ಜಿ ಯಾವಾಗ್ ಬಿಡ್ತಾರೆ?"

"ರಿಸಲ್ಟ್ ಬಂದ್ಮೇಲೆ. ನಾನೇ ಜೊತೇಲಿ ಬರ್ತೀನಿ."

"ಬನ್ನಿ ಸಾರ್. ಅಲ್ಲೂ ಹಾಳೆ ತುಂಬಬೇಕು ಅಂದ್ರೆ ಮಾತ್ರ ಇವಳಿಗೆ ಮೊದ್ಲೇ ಹೇಳ್ಬಿಡಿ" ಅಂದ ರಾಮಾಂಜಿನಪ್ಪ, ಮಗಳ ಕಡೆ ನೋಡುತ್ತಾ. "ನಮ್ ಮನೇಲಿ ಅರ್ಧ ಬರೆದ್ರೇನೇ ಪೂರ್ತಿ."