ಬೆಲ್ಲಿಯ ಪಾಸ್‌ಪೋರ್ಟ್ ಫೋಟೋಗಳು

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ನವಲಗುಂದದ ಮನೆಯಿಂದ ಹೊರಟೆವು. ನಾನು, ನನ್ನ ಸ್ಕೂಟಿ, ಸ್ಕೂಟಿಯ ಮುಂದೆ ಕಾಲಿಡುವ ಜಾಗದಲ್ಲಿ ಬೆಲ್ಲಿ. ಹುಬ್ಬಳ್ಳಿ, ಕಲಘಟಗಿ ಹಾದು ದೇವಿಕೊಪ್ಪಕ್ಕೆ ಎಪ್ಪತ್ತು ಚಿಲ್ಲರೆ ಕಿಲೋಮೀಟರು. ಮನಸ್ಸು ಮಾಡಿದರೆ ಎರಡೂವರೆ ತಾಸಿನ ದಾರಿ. ನಾನು ಮಾತ್ರ ಪಾಠ ಮಾಡುವ ಶಾಲೆಗೆ ರಜೆ ಹಾಕಿ, ಇಡೀ ದಿನ ಹಿಡಿಯುವಂತೆ ಹೋಗಬೇಕೆಂದು ಮೊದಲೇ ನಿಶ್ಚಯಿಸಿದ್ದೆ. ಹೋಗುವಾಗ ಇಬ್ಬರು, ಬರುವಾಗ ನಾನೊಬ್ಬಳೇ ಎಂದು ಗೊತ್ತಿದ್ದ ಮೇಲೆ ಅವಸರ ಯಾರಿಗಿರುತ್ತದೆ?

ಬೆಲ್ಲಿ ನನ್ನ ನಾಯಿಯಲ್ಲ. ದೇವಿಕೊಪ್ಪದಲ್ಲಿರುವ ನಮ್ಮ ದೊಡ್ಡವ್ವನದು. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ ಗಂಗವ್ವ. ಮೈಬಣ್ಣ ಬೆಲ್ಲದ್ದೆಂದು ಆಕೆಯೇ ಇಟ್ಟ ಹೆಸರು. ಒಂದು ಕಿವಿ ಎದ್ದು ನಿಂತಿರುತ್ತದೆ, ಇನ್ನೊಂದಕ್ಕೆ ಅಷ್ಟು ಉತ್ಸಾಹವಿಲ್ಲ. ಎಂಟು ತಿಂಗಳ ಹಿಂದೆ ದೊಡ್ಡವ್ವ ದನದ ಕೊಟ್ಟಿಗೆಯಲ್ಲಿ ಜಾರಿ ತೊಡೆ ಮುರಿದುಕೊಂಡಳು. ಕೋಲು ಹಿಡಿದು ನಡೆಯುವಾಗ ಈ ಮರಿ ಕಾಲಲ್ಲಿ ಕಾಲು ತೂರಿಸುತ್ತಿತ್ತು. "ಮೂರು ತಿಂಗಳು ನೀ ಒಯ್ಯಬೇ, ಇಲ್ಲಾಂದ್ರ ಇನ್ನೊಂದು ಕಾಲೂ ಮುರಸತೈತಿ" ಎಂದು ನನಗೆ ಒಪ್ಪಿಸಿದಳು. ಮೂರು ತಿಂಗಳು ಎಂಟಾದವು. ಹೋದ ವಾರ ಫೋನು ಬಂತು: "ನನ್ನ ಕಾಲು ಅಗದಿ ಆರಾಮ ಆತು. ಬೆಲ್ಲೀನ ಕರಕೊಂಡು ಬಾ." ನಾನು "ಆಗ್ಲಿ ದೊಡ್ಡವ್ವಾ" ಎಂದೆ. ಬೇರೆ ಏನು ಅನ್ನಲಿಕ್ಕೆ ಬರುತ್ತದೆ, ನಾಯಿ ಆಕೆಯದು.

ಈ ಎಂಟು ತಿಂಗಳಲ್ಲಿ ನನಗೊಂದು ಚಟ ಅಂಟಿತ್ತು. ಪ್ರತಿ ರವಿವಾರ ಬೆಲ್ಲಿಯನ್ನು ಕೂರಿಸಿಕೊಂಡು ಎಲ್ಲಾದರೂ ಹೋಗುವುದು, ಫೋಟೋ ತೆಗೆಯುವುದು, ದೊಡ್ಡವ್ವನ ಸೊಸೆ ರೇಣುಕಾಳ ಫೋನಿಗೆ ಕಳಿಸುವುದು. ಕಡಲೆ ಹೊಲ, ಅಣ್ಣಿಗೇರಿಯ ಸಂತೆ, ಮೊರಬದ ಬಸ್‌ಸ್ಟ್ಯಾಂಡು, ಎಲ್ಲ ಆಗಿವೆ. ತೊಂದರೆ ಒಂದೇ. ಬೆಲ್ಲಿ ಎಲ್ಲಿ ನಿಂತರೂ, ಹಿಂದೆ ಏನೇ ಇದ್ದರೂ, ಬಟನ್ ಒತ್ತುವ ಹೊತ್ತಿಗೆ ಸರಿಯಾಗಿ ತಿರುಗಿ ನನ್ನನ್ನೇ ನೋಡುತ್ತದೆ. ನಮ್ಮ ಯಜಮಾನರು ಪ್ರತಿ ವಾರ ಫೋಟೋ ನೋಡಿ, "ಇದೂ ಪಾಸ್‌ಪೋರ್ಟ್ ಫೋಟೋನ. ನಾಯೀನ ಎಲ್ಲೆ ವಿದೇಶಕ್ಕ ಕಳಸಾಕಿ?" ಎಂದು ಚುಡಾಯಿಸುತ್ತಿದ್ದರು. ಆ ದಿನ ಬೆಳಿಗ್ಗೆ ಮಾತ್ರ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಪೇಪರು ಹಿಂದಿನ ದಿನದ್ದು.

ಹಾಗಾಗಿ ಈ ಕೊನೆಯ ಪ್ರಯಾಣದಲ್ಲಿ ಒಂದಾದರೂ ಸರಿಯಾದ ಫೋಟೋ ತೆಗೆಯಬೇಕೆಂದು ಹಟ ತೊಟ್ಟೆ. ಬೆಲ್ಲಿ ಊರು ನೋಡುತ್ತಿರಬೇಕು, ಹೊಲ ನೋಡುತ್ತಿರಬೇಕು, ನನ್ನನ್ನಲ್ಲ. ಅಂಥ ಒಂದು ಫೋಟೋ ಇದ್ದರೆ ದೊಡ್ಡದು ಮಾಡಿಸಿ ಮನೆಯಲ್ಲಿ ಹಾಕಿಕೊಳ್ಳಬಹುದು ಎಂಬುದು ಲೆಕ್ಕ.

ಮೊದಲ ನಿಲುಗಡೆ ಯಮನೂರು. ಕಾಲು ವಾಸಿಯಾದರೆ ಸಕ್ಕರೆ ಇಟ್ಟು ಫಾತಿಹಾ ಓದಿಸುವುದಾಗಿ ದೊಡ್ಡವ್ವ ಅಲ್ಲಿಯ ದರ್ಗಾಕ್ಕೆ ಬೇಡಿಕೊಂಡಿದ್ದಳು. ಆ ಕೆಲಸ ನನಗೆ ಬಂದಿತ್ತು. ಆಷಾಢದ ಗಾಳಿ ಬೀಸುತ್ತಿತ್ತು, ಸೆರಗು ತಲೆಯ ಮೇಲೆ ನಿಲ್ಲುತ್ತಿರಲಿಲ್ಲ. ಸಕ್ಕರೆ, ಹೂ ಮಾರುವ ಹೆಂಗಸೊಬ್ಬಳು ತಾನಾಗಿಯೇ ಬೆಲ್ಲಿಯ ಹಗ್ಗ ಹಿಡಿದುಕೊಂಡಳು. "ಹೋಗಿ ಬರ್ರಿ ಅಕ್ಕಾರ, ನಾ ನೋಡಕೋತೀನಿ." ಒಳಗೆ ಸಕ್ಕರೆ ಓದಿಸಿ, ತಲೆಯ ಮೇಲೆ ನವಿಲುಗರಿ ಆಡಿಸಿಕೊಂಡು, ಹತ್ತು ನಿಮಿಷದಲ್ಲಿ ಹೊರಬಂದೆ.

"ನೀವು ಒಳಗ ಹೋದಾಗಿಂದ ಬಾಗಲಾ ಬಿಟ್ಟು ಕಣ್ಣ ತಗದಿಲ್ಲ ನೋಡ್ರಿ ಇದು" ಎಂದಳು ಹೂ ಮಾರುವವಳು. "ನಾ ಬಿಸ್ಕೀಟ ಕೊಟ್ಟರೂ ಮೂಸಲಿಲ್ಲ."

ನಾನು ಆಕೆಯನ್ನೂ ಬೆಲ್ಲಿಯನ್ನೂ ಸೇರಿಸಿ ಒಂದು ಫೋಟೋ ತೆಗೆದೆ. ಹೂವಿನವಳು ಹಲ್ಲು ಕಾಣುವಂತೆ ನಕ್ಕಳು. ಬೆಲ್ಲಿ ಪಾಸ್‌ಪೋರ್ಟ್ ಆಫೀಸಿಗೆ ಹೋದಂತೆ ನೆಟ್ಟಗೆ ನನ್ನನ್ನು ನೋಡಿತು.

ಯಮನೂರಿನಿಂದ ಹೊರಟ ಮೇಲೆ ಒಂದು ಹೆಸರುಕಾಳಿನ ಹೊಲ ಕಂಡಿತು. ಗೇಣುದ್ದ ಬೆಳೆದ ಪೈರು, ಮೇಲೆ ಮೋಡ, ದೂರದಲ್ಲಿ ಬೆಣ್ಣಿಹಳ್ಳದ ದಂಡೆಯ ಸಾಲುಮರ. ಫೋಟೋಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗದೆಂದು ಸ್ಕೂಟಿಯನ್ನು ಹೊಲದ ದಾರಿಗೆ ಇಳಿಸಿದೆ. ಹಿಂದಿನ ಸಂಜೆ ಮಳೆಯಾಗಿತ್ತು. ಯರಿ ಮಣ್ಣಿನ ನಾಡಿನಲ್ಲಿ ಹುಟ್ಟಿ ಬೆಳೆದವರು ಯಾರೂ ಮಾಡಬಾರದ ತಪ್ಪು ಇದು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಕಪ್ಪು ಮಣ್ಣು ಗಾಲಿಗೆ ಸುತ್ತಿಕೊಂಡು, ಮಡ್‌ಗಾರ್ಡಿನೊಳಗೆ ಒತ್ತಾಗಿ ತುಂಬಿ, ಗಾಡಿ ನಿಂತೇಬಿಟ್ಟಿತು. ನನ್ನ ಚಪ್ಪಲಿ ಒಂದೊಂದು ಸೇರು ಭಾರವಾದವು. ಬೆಲ್ಲಿ ಇಳಿದು ನಾಲ್ಕು ಹೆಜ್ಜೆ ಇಟ್ಟಿದ್ದಕ್ಕೆ ನಾಲ್ಕೂ ಕಾಲಿಗೆ ಕಪ್ಪು ಬೂಟು ಬಂದವು. ಒಂದೊಂದೇ ಕಾಲನ್ನು ಎತ್ತಿ ಝಾಡಿಸುತ್ತ, ಬೀಳದ ಮಣ್ಣನ್ನು ಬೈಯುವಂತೆ ಗುರುಗುಟ್ಟಿತು. ನನಗೆ ನಗು ತಡೆಯಲಾಗಲಿಲ್ಲ.

ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ವಯಸ್ಸಾದವರೊಬ್ಬರು ಕುಡಗೋಲು ಹಿಡಿದು ಬಂದರು.

"ಯಾ ಊರಾಗಿನವರ್ರಿ?"

"ನವಲಗುಂದ್ರಿ ಕಾಕಾ."

"ನವಲಗುಂದದಾಕಿ ಆಗಿ ಹಸಿ ಯರಿಯಾಗ ಗಾಡಿ ಇಳಸೀರಿ?" ಅವರಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾದಂತಿತ್ತು, ನನ್ನ ಪರವಾಗಿ. "ಬೆಂಗಳೂರವರು ಅಂತ ಹೇಳಿದ್ರ ಮಾಫ್ ಮಾಡತಿದ್ದೆ."

ಕುಡಗೋಲಿನ ತುದಿಯಿಂದ ಮಣ್ಣು ಕೆರೆಯುತ್ತ ಕೂತರು. ಎಲ್ಲಿಗೆ ಹೊರಟಿದ್ದು, ಹೊಲಕ್ಕೆ ಯಾಕೆ ಇಳಿದದ್ದು ಎಂದು ಕೇಳಿದರು. ಹೇಳಿದೆ.

"ನಾಯಿ ಬಿಟ್ಟು ಬರಾಕ ಹೊಂಟೀರಿ. ಹಂಗಿದ್ರ ಫೋಟೋ ಯಾಕ ತಗೀತೀರಿ?"

"ನೆನಪಿಗೆ ಇರಲಿ ಅಂತ್ರಿ."

"ನೆನಪ ತಾನ ಇರತೈತಿ ತಗೀರಿ" ಎಂದು ಮತ್ತೊಂದು ಹೆಂಟೆ ಮಣ್ಣು ಕಿತ್ತೊಗೆದರು. ಮುಕ್ಕಾಲು ತಾಸು ಹಿಡಿಯಿತು. ಗಾಡಿಯನ್ನು ರಸ್ತೆಗೆ ತಳ್ಳಿಕೊಟ್ಟು, ನಾನು ಕೊಟ್ಟ ಓದಿಸಿದ ಸಕ್ಕರೆಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಹೊಲದ ಫೋಟೋ ತೆಗೆದದ್ದಾಯಿತು. ಕಪ್ಪು ಬೂಟಿನ ಬೆಲ್ಲಿ, ಹಸಿರು ಹೊಲ, ದೃಷ್ಟಿ ನನ್ನ ಮೇಲೆ.

ಹುಬ್ಬಳ್ಳಿ ದಾಟುವಾಗ ಹನ್ನೊಂದೂವರೆ. ಊರಾಚೆಯ ಒಂದು ಗಾಡಿಯಂಗಡಿಯಲ್ಲಿ ಗಿರಮಿಟ್ಟು, ಎರಡು ಮಿರ್ಚಿ ಭಜಿ ತಿಂದು ಚಹಾ ಕುಡಿದೆ. ಬೆಲ್ಲಿಗೆ ಮನೆಯಿಂದ ತಂದ ಮೊಸರನ್ನ. ಅದು ಮೊಸರನ್ನ ಮುಗಿಸಿ ನನ್ನ ಮಿರ್ಚಿಯನ್ನು ಸಂಶೋಧಕರಂತೆ ನೋಡಿತು. ಕೊಡಲಿಲ್ಲ. ಕಲಘಟಗಿ ದಾರಿ ಹಿಡಿದ ಮೇಲೆ ಮಣ್ಣಿನ ಬಣ್ಣ ಬದಲಾಯಿತು. ಕಪ್ಪು ಹೋಗಿ ಕೆಂಪು ಬಂತು, ಹೆಸರಿನ ಬದಲು ಭತ್ತದ ಗದ್ದೆಗಳು ಕಂಡವು, ಗಾಳಿ ತಂಪಾಯಿತು. ಬೆಲ್ಲಿ ಮೂಗೆತ್ತಿ ಗಾಳಿ ಹೀರತೊಡಗಿತು. ಹುಟ್ಟಿದ ಕಡೆಯ ವಾಸನೆ ಹತ್ತಿರಬೇಕು ಎನಿಸಿ ಗಾಡಿಯ ವೇಗ ಇನ್ನಷ್ಟು ಕಡಿಮೆ ಮಾಡಿದೆ.

ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವವರೊಬ್ಬರ ಮನೆಯ ಮುಂದೆ ನಿಂತೆ. ಅಂಗಳದಲ್ಲಿ ಅರಗಿನ ಬಣ್ಣ ಹಚ್ಚಿದ ತೊಟ್ಟಿಲೊಂದು ಕೆಂಪು, ಹಳದಿ, ಹಸಿರಿನಲ್ಲಿ ಹೊಳೆಯುತ್ತಿತ್ತು. ನಾಯಿಯನ್ನು ಅದರಲ್ಲಿ ಕೂರಿಸಿ ಒಂದು ಫೋಟೋ ತೆಗೆಯಲೇ ಎಂದು ಕೇಳಿದೆ. ತೊಟ್ಟಿಲಿನವರು ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು.

"ಮಂದಿ ಕೂಸು ಮಲಗೂ ತೊಟ್ಟಲರಿ ಇದು. ಬಾಜೂಕ ನಿಲ್ಲಸ್ರಿ ಬೇಕಾದ್ರ. ಈ ಕಡೆ ನೋಡೂ ಹಂಗ ನಾ ಮಾಡತೀನಿ."

ತೊಟ್ಟಿಲಿಗೆ ಕಟ್ಟುವ ಕಟ್ಟಿಗೆಯ ಗಿಳಿಗಳನ್ನು ಎತ್ತಿ ಕಟಕಟ ಬಾರಿಸಿದರು. ಬೆಲ್ಲಿ ಒಂದು ಕ್ಷಣ, ನಿಜವಾಗಿಯೂ ಒಂದು ಕ್ಷಣ, ಗಿಳಿಗಳ ಕಡೆ ನೋಡಿತು. ನಾನು ಬಟನ್ ಒತ್ತುವಷ್ಟರಲ್ಲಿ ಮತ್ತೆ ನನ್ನ ಕಡೆ. ಅವರು ಮೂರು ಸಲ ಬಾರಿಸಿದರು, ಸಿಳ್ಳೆ ಹಾಕಿದರು, ಕೊನೆಗೆ ಸೋತು, "ಬಲು ಹಟಮಾರಿ ಐತಿ ಬಿಡ್ರಿ" ಎಂದು ಕೆಲಸಕ್ಕೆ ಕೂತರು. ಇಷ್ಟು ದೂರ ಬಂದು ಒಂದೂ ಸರಿಯಾದ ಫೋಟೋ ಇಲ್ಲ. ಇನ್ನು ಉಳಿದದ್ದು ದೇವಿಕೊಪ್ಪ ಮಾತ್ರ.

ನಾಲ್ಕು ಗಂಟೆಗೆ ತಲುಪಿದೆವು. ದೊಡ್ಡವ್ವ ಕಟ್ಟೆಯ ಮೇಲೆ ಕೋಲಿಲ್ಲದೆ ನಿಂತಿದ್ದಳು. ಸ್ಕೂಟಿ ನಿಲ್ಲುವ ಮೊದಲೇ ಬೆಲ್ಲಿ ಜಿಗಿದು ಓಡಿತು. ಆಕೆಯ ಕಾಲು ನೆಕ್ಕಿ, ಸೀರೆ ಎಳೆದು, ನೆಲದಲ್ಲಿ ಹೊರಳಾಡಿ, ಕುಂಯ್‌ಗುಟ್ಟುತ್ತ ಓಣಿಯನ್ನೇ ತಲೆಯ ಮೇಲೆ ಹೊತ್ತಿತು. ದೊಡ್ಡವ್ವ ನಕ್ಕು ನಕ್ಕು ಅಲ್ಲೇ ಕೂತಳು. "ಮರತಿಲ್ಲಲೇ ನೀ ನನ್ನ! ಮರತಿಲ್ಲ!" ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ, ಮರೆತಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನಿಸಿತು. ಆಮೇಲೆ ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಗಿ, ಚಹಾ ಕುಡಿಯುವ ನೆಪದಲ್ಲಿ ರೇಣುಕಾಳ ಹಿಂದೆ ಅಡಿಗೆಮನೆಗೆ ಹೋದೆ.

ಮರುದಿನ ಬೆಳಿಗ್ಗೆ ರೇಣುಕಾ ಬಿಸಿ ರೊಟ್ಟಿ, ಬೆಣ್ಣೆ, ಬದನೆಕಾಯಿ ಪಲ್ಯ ಬಡಿಸಿದಳು. ನಾನು ಅರ್ಧ ರೊಟ್ಟಿ ತಿಂದು ಎದ್ದೆ. ಬೆಲ್ಲಿಯ ತಟ್ಟೆ, ಹಗ್ಗ, ಅದು ಮಲಗುವ ನನ್ನ ಹಳೆಯ ಶಾಲು, ಎಲ್ಲವನ್ನೂ ಚೀಲದಿಂದ ತೆಗೆದು ಮೂಲೆಯಲ್ಲಿಟ್ಟೆ. ಮೊಸರನ್ನಕ್ಕೆ ಉಪ್ಪು ಹಾಕಬಾರದು, ಪಟಾಕಿ ಸದ್ದಿಗೆ ಮಂಚದ ಕೆಳಗೆ ಹೋಗುತ್ತದೆ ಎಂದೆಲ್ಲ ಹೇಳತೊಡಗಿದೆ. ದೊಡ್ಡವ್ವ ಕೇಳಿಸಿಕೊಂಡಳೋ ಇಲ್ಲವೋ.

"ಶಾಂತಾ, ಅದನ್ನ ಬಿಡು. ಇಲ್ಲೆ ಬಾ" ಎಂದು ಪಡಸಾಲೆಯ ಗೋಡೆಯ ಹತ್ತಿರ ಕರೆದಳು.

ನಾನು ಕಳಿಸಿದ ಫೋಟೋಗಳು! ರೇಣುಕಾಳಿಗೆ ಹೇಳಿ ಕಲಘಟಗಿಯ ಸ್ಟುಡಿಯೋದಲ್ಲಿ ಪ್ರಿಂಟ್ ತೆಗೆಸಿ, ಗೋಡೆಗೆ ಸಾಲಾಗಿ ಅಂಟಿಸಿದ್ದಳು. ಇಪ್ಪತ್ತಕ್ಕೂ ಹೆಚ್ಚಿದ್ದವು. ಹಿಂದಿನ ಸಂಜೆ ಕತ್ತೆತ್ತಿ ನೋಡುವ ಮನಸ್ಸೇ ನನಗಿರಲಿಲ್ಲ.

"ಮಲಗಿದಲ್ಲೆ, ಕುಂತಲ್ಲೆ ಎಂಟು ತಿಂಗಳು ಇವನ್ನ ನೋಡೀನಿ" ಎಂದಳು. ಬೆರಳಿಟ್ಟು ಒಂದೊಂದೇ ತೋರಿಸಿದಳು. "ಇಲ್ಲೆ ಸಂತಿ ಐತಿ. ನಾಯಿ ಸಂತಿ ನೋಡಿಲ್ಲ. ಇಲ್ಲೆ ಹಳ್ಳ ತುಂಬಿ ಹರದೈತಿ. ಹಳ್ಳಾನೂ ನೋಡಿಲ್ಲ. ಇದರಾಗ ಬಾಜೂಕ ಆಕಳ ನಿಂತೈತಿ, ಅದನ್ನೂ ನೋಡಿಲ್ಲ. ಎಲ್ಲಾದರಾಗೂ ನಿನ್ನ ನೋಡೈತಿ. ನೀ ಒಂದ ಫೋಟೋದಾಗೂ ಇಲ್ಲ, ಆದ್ರ ನೀ ಎಲ್ಲೆ ನಿಂತಿದ್ದಿ ಅಂತ ನನಗ ಇದರ ಕಣ್ಣಾಗ ಕಾಣತಿತ್ತು."

ಎಂಟು ತಿಂಗಳು ನಾನು ಕೆಟ್ಟವೆಂದುಕೊಂಡ ಫೋಟೋಗಳು ಅವು.

"ನಿನ್ನಿ ನನ್ನ ನೋಡಿ ಕುಣೀತು, ಖರೆ" ಎಂದು ಆಕೆ ಮುಂದುವರಿಸಿದಳು. "ನೀ ಚಾ ಕುಡ್ಯಾಕ ಒಳಗ ಹೋದಿ. ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಅಡಿಗಿಮನಿ ಬಾಗಲಾ ನೋಡಕೋಂತ ಕುಂತಿತ್ತು."

"ಮತ್ತ ಕರಕೊಂಡು ಬಾ ಅಂತ ಫೋನ್ ಯಾಕ ಮಾಡಿದಿ ದೊಡ್ಡವ್ವಾ?"

"ಯಾಕಂದ್ರ? ಆಷಾಢಕ್ಕ ಮಗಳು ತವರಿಗೆ ಬರಬಾರದೇನು? ನೋಡಬೇಕು ಅನಿಸ್ತು, ಕರಸಿದೆ. ಇಟಗೋತೀನಿ ಅಂದಿದ್ನೇನು?" ಎಂದು ನನ್ನನ್ನೇ ಗದರಿದಳು. ಹಾಗೆ ಅಂದಿರಲಿಲ್ಲ ನಿಜ. ಕೇಳುವ ಧೈರ್ಯ ನಾನೂ ಮಾಡಿರಲಿಲ್ಲ.

ಆಮೇಲೆ ನಡೆದದ್ದನ್ನು ನಮ್ಮ ಶಾಲೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ದೊಡ್ಡವ್ವ ಬೆಲ್ಲಿಯನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದಳು. ಹಣೆಗೆ ಅರಿಷಿಣ, ಕುಂಕುಮ ಹಚ್ಚಿದಳು. ತವರಿನಿಂದ ಗಂಡನ ಮನೆಗೆ ಹೊರಟ ಮಗಳಿಗೆ ಸೆರಗಿನಲ್ಲಿ ಉಡಿ ತುಂಬುತ್ತೇವಲ್ಲ, ಈ ಮಗಳಿಗೆ ಸೆರಗಿಲ್ಲ. ಕುಪ್ಪಸದ ಹಸಿರು ಖಣವೊಂದನ್ನು ಹಾಸಿ, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಅಚ್ಚು ಬೆಲ್ಲ ಹಾಕಿ ಗಂಟು ಕಟ್ಟಿ ಕೊರಳಿಗೆ ಇಳಿಬಿಟ್ಟಳು. ಗಂಟು ಮೂಸಿ ಬೆಲ್ಲ ಎಲ್ಲಿದೆಯೆಂದು ಬೆಲ್ಲಿ ಆಗಲೇ ಪತ್ತೆ ಮಾಡಿತ್ತು. ರೇಣುಕಾ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಅತ್ತೆ, ಸದ್ದು ಮಾಡಿಯೇ ಅತ್ತೆ.

"ಅಳಬ್ಯಾಡ, ಎತ್ತು ಗಾಡಿ ಮ್ಯಾಲೆ" ಎಂದಳು ದೊಡ್ಡವ್ವ. "ವರ್ಷಾ ಆಷಾಢಕ್ಕ ಕರಕೊಂಡು ಬಾ. ಇದರ ಕಾಲಾಗಿನ ಮಣ್ಣ ನೋಡೀನಿ, ಇನ್ನ ಹಸಿ ಯರಿಯಾಗ ಇಳೀಬ್ಯಾಡ."

ಶಾಲು, ತಟ್ಟೆ ಎಲ್ಲ ಮತ್ತೆ ಚೀಲಕ್ಕೆ ಹೋದವು. ಬೆಲ್ಲಿ ತನ್ನ ಜಾಗದಲ್ಲಿ ಹತ್ತಿ ಕೂತಿತು. ಓಣಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ ಹಿಂತಿರುಗಿದೆ. ದೊಡ್ಡವ್ವ ಇನ್ನೂ ಕಟ್ಟೆಯ ಮೇಲೆ ನಿಂತಿದ್ದಳು, ಕೈ ಮೇಲೆತ್ತಿದ್ದಳು. ನಾನು ಫೋನು ತೆಗೆದು ಬೆಲ್ಲಿಯ ಕಡೆ ಹಿಡಿದೆ. ಅದು ಹ್ಯಾಂಡಲಿನ ಪಕ್ಕದಿಂದ ಕತ್ತು ಹೊರಹಾಕಿ, ಎರಡೂ ಕಿವಿ ನೆಟ್ಟಗೆ ಮಾಡಿ, ದೊಡ್ಡವ್ವನನ್ನೇ ನೋಡುತ್ತಿತ್ತು. ಒತ್ತಿದೆ. ಮತ್ತೊಮ್ಮೆ ಒತ್ತಿದೆ. ತಿರುಗಲಿಲ್ಲ.

ಆ ಫೋಟೋವನ್ನು ಅಲ್ಲೇ ನಿಂತು ರೇಣುಕಾಳಿಗೆ ಕಳಿಸಿದೆ. ನನ್ನ ಮನೆಯ ಗೋಡೆಗಲ್ಲ, ಅದು ದೊಡ್ಡವ್ವನ ಗೋಡೆಗೆ ಸೇರಬೇಕಾದದ್ದು.